ಕ್ರಾನ್ ಕೆಲಸ ಮುಗಿದರೂ ಪ್ರಾಸೆಸ್ ಉಳಿಯುತ್ತಿದೆ, ಕಿಲ್ -9 ಹೊಡೆದರೂ ಹೋಗುತ್ತಿಲ್ಲ

ಕ್ಯೂ_ಕಾವಲು
ಎಲ್ಲರಿಗೂ ನಮಸ್ಕಾರ. ರೆಡ್ ಹ್ಯಾಟ್ ಕುಟುಂಬದ ಒಂದು ಲಿನಕ್ಸ್ ಸರ್ವರ್ ಇದೆ. ನನ್ನ ಕ್ರಾನ್‌ಟ್ಯಾಬ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ) ಗಂಟೆಗೊಮ್ಮೆ ಓಡುವ ಒಂದು ಸ್ಕ್ರಿಪ್ಟ್. ಹೊಸ ಫೈಲುಗಳನ್ನು ಎಳೆದು ತಂದು ಕ್ಯೂಗೆ ಹಾಕುತ್ತದೆ. ಕೊನೇ ಸಾಲಿನಲ್ಲಿ ಆ ಕ್ಯೂ ಖಾಲಿ ಮಾಡುವ ಒಂದು ಪೈಥಾನ್ ವರ್ಕರನ್ನು & ಹಾಕಿ ಹಿನ್ನೆಲೆಗೆ ಬಿಟ್ಟು ಮುಗಿಯುತ್ತದೆ. ಮುಗಿಯುವುದಂತೂ ನಿಜ, "ಮುಗಿಯಿತು" ಅನ್ನುವ ಸಾಲನ್ನು ಸ್ಕ್ರಿಪ್ಟೇ ತನ್ನ ಲಾಗ್ ಫೈಲಿಗೆ ಬರೆಯುತ್ತದೆ.

ಆದರೆ ಬೆಳಿಗ್ಗೆ ಪಿಎಸ್ (ಪ್ರಾಸೆಸ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹಾಕಿ ನೋಡಿದರೆ ಸಾಲುಗಟ್ಟಲೆ ಡಿಫಂಕ್ಟ್. ಒಂದೊಂದರ ಮೇಲೂ ದೊಡ್ಡಕ್ಷರದಲ್ಲಿ ಬರೆದ ಒಂದು ಕ್ರಾಂಡ್ (ಹಿನ್ನೆಲೆಯಲ್ಲಿ ಓಡುವ ಕ್ರಾನ್ ಪ್ರೋಗ್ರಾಂ, ಅಂದರೆ ಡೀಮನ್) ಬೇರೆ. ಡಿಫಂಕ್ಟ್‌ಗಳಿಗೆ ಕಿಲ್ -9 (ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಸಿಗ್ನಲ್) ಹೊಡೆದೆ. ತಪ್ಪು ಸಂದೇಶವೂ ಇಲ್ಲ, ಪರಿಣಾಮವೂ ಇಲ್ಲ. ನನಗೆ ರೂಟ್ (ಅಡ್ಮಿನ್) ಅನುಮತಿ ಇಲ್ಲ. ಏನು ಮಾಡಬಹುದು?

ರೀಬೂಟ್_ಮಾಡಿ
ಹೆಸರು ನೋಡಿ, ಉತ್ತರ ಅಲ್ಲೇ ಇದೆ.

ಶೆಲ್_ಶಂಕೆ
ಮೇಲಿನವರನ್ನು ಬಿಡಿ. ಡಿಫಂಕ್ಟ್ ಅಂದರೆ ಝಾಂಬಿ. ಆ ಪ್ರಾಸೆಸ್ ಆಗಲೇ ಸತ್ತಿದೆ. ಮೆಮೊರಿ ಇಲ್ಲ, ತೆರೆದ ಫೈಲಿಲ್ಲ. ಪ್ರಾಸೆಸ್ ಟೇಬಲ್‌ನಲ್ಲಿ ಒಂದು ಸಾಲು ಮತ್ತು ಎಕ್ಸಿಟ್ ಕೋಡ್ (ಹೇಗೆ ಮುಗಿಯಿತು ಅನ್ನುವ ಸಂಖ್ಯೆ) ಮಾತ್ರ ಉಳಿದಿರುತ್ತದೆ. ಅದರ ತಂದೆ ಪ್ರಾಸೆಸ್ ವೇಟ್ ಕರೆದು ಆ ಕೋಡನ್ನು ಓದಿಕೊಳ್ಳುವವರೆಗೂ ಅದು ಹೋಗುವುದಿಲ್ಲ. ಸತ್ತದ್ದಕ್ಕೆ ಸಿಗ್ನಲ್ ಕಳಿಸಿದರೆ ತೆಗೆದುಕೊಳ್ಳಲು ಅಲ್ಲಿ ಯಾರೂ ಇಲ್ಲ. ಹಾಗಾಗಿಯೇ -9 ಕೂಡ ಕೆಲಸ ಮಾಡಲಿಲ್ಲ.

ನಿಮ್ಮ ಕ್ರಾನ್‌ನಲ್ಲೇ ಬಗ್ ಇರಬೇಕು, ಮಕ್ಕಳನ್ನು ಎತ್ತಿಕೊಳ್ಳುತ್ತಿಲ್ಲ. ಅಪ್‌ಡೇಟ್ ಮಾಡಿಸಿ.

ಹಳೇ_ಟರ್ಮಿನಲ್
ಮೊದಲ ಪ್ಯಾರಾ ಸರಿ. ಎರಡನೆಯದು ಆತುರ. ಲಕ್ಷಾಂತರ ಯಂತ್ರಗಳಲ್ಲಿ ಓಡುವ ಕ್ರಾನ್ ವೇಟ್ ಕರೆಯುವುದನ್ನೇ ಮರೆತಿದೆ ಅಂತೀರಾ? ಇಲ್ಲಿ ಬೇರೆ ಏನೋ ಇದೆ. ಕ್ಯೂ_ಕಾವಲು, ಇದರ ಔಟ್‌ಪುಟ್ ಹಾಕಿ:

ಪಿಎಸ್ -ಇಒ ಪಿಐಡಿ,ಪಿಪಿಐಡಿ,ಸ್ಟ್ಯಾಟ್,ಇಟೈಮ್,ಸಿಎಂಡಿ --ಫಾರೆಸ್ಟ್

ಪೂರ್ತಿ ಬೇಡ. ಒಂದು ಡಿಫಂಕ್ಟ್, ಅದರ ಮೇಲಿನ ಕ್ರಾಂಡ್, ಅದೇ ಹೊತ್ತಿನಲ್ಲಿ ಶುರುವಾದ ವರ್ಕರ್, ಇಷ್ಟು ಸಾಕು.

ಕ್ಯೂ_ಕಾವಲು
ಹಾಕಿದ್ದೇನೆ. ಹೆಸರುಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಸಾಲಿನ ಕ್ರಮ: ಪಿಐಡಿ (ಪ್ರಾಸೆಸ್ ಸಂಖ್ಯೆ), ತಂದೆಯ ಪಿಐಡಿ, ಸ್ಥಿತಿ, ಶುರುವಾಗಿ ಎಷ್ಟು ಹೊತ್ತಾಯಿತು, ಕಮಾಂಡ್.

1012 — 1 — ಎಸ್‌ಎಸ್ — 41-06:12:40 — ಕ್ರಾಂಡ್ -ಎನ್
20871 — 1012 — ಎಸ್ — 05:14:09 — ಕ್ರಾಂಡ್ -ಎನ್ (ಇದು ದೊಡ್ಡಕ್ಷರದ್ದು)
20873 — 20871 — ಝಡ್‌ಎಸ್ — 05:14:09 — [ಗಂಟೆ.ಎಸ್‌ಎಚ್] <ಡಿಫಂಕ್ಟ್>
20911 — 1 — ಎಸ್ — 05:13:50 — ಪೈಥಾನ್3 ವರ್ಕರ್.ಪಿವೈ

ಇದೇ ಥರ ಇನ್ನೂ ನಾಲ್ಕು ಕಂತೆಗಳಿವೆ. ಕ್ಯೂ ದೊಡ್ಡದಿದ್ದರೆ ವರ್ಕರ್ ಕೆಲವು ಗಂಟೆ ಓಡುತ್ತದೆ. ಅದು ಸಹಜ.

ಸುಮ್ನೆ_ಓದುವವ
ದೊಡ್ಡಕ್ಷರದ ಕ್ರಾಂಡ್ ಅಂದರೆ ಏನು? ವೈರಸ್ಸಾ?

ಹಳೇ_ಟರ್ಮಿನಲ್
ವೈರಸ್ ಅಲ್ಲ. ಪ್ರತಿ ಕೆಲಸಕ್ಕೂ ಮುಖ್ಯ ಡೀಮನ್ ಒಂದು ಮಗುವನ್ನು ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ಒಂದು ಪ್ರತಿ ಹುಟ್ಟಿಸುತ್ತದೆ. ಪಿಎಸ್ ನೋಡುವವರಿಗೆ ಬೇರೆ ಅಂತ ಗೊತ್ತಾಗಲಿ ಎಂದು ಆ ಮಗು ತನ್ನ ಹೆಸರನ್ನು ದೊಡ್ಡಕ್ಷರಕ್ಕೆ ಬದಲಿಸಿಕೊಳ್ಳುತ್ತದೆ. ವಿಕ್ಸಿ ಕ್ರಾನ್ ಅನ್ನುವ ಹಳೇ ಕ್ರಾನ್ ಕಾಲದಿಂದ ಬಂದ ರೂಢಿ. ರೆಡ್ ಹ್ಯಾಟ್‌ನಲ್ಲಿರುವ ಕ್ರೋನಿಯೂ ಅದೇ ವಂಶದ್ದು, ಅದರಲ್ಲೂ ಉಳಿದಿದೆ.

ಈಗ ವಿಷಯಕ್ಕೆ ಬರೋಣ. ಆ ಮಗು ಏನು ಮಾಡುತ್ತದೆ ನೋಡಿ. ನಿಮ್ಮ ಕಮಾಂಡನ್ನು ಓಡಿಸುವ ಮೊದಲು ಒಂದು ಪೈಪ್ (ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ಕೊಳವೆ) ತೆರೆಯುತ್ತದೆ. ಕಮಾಂಡಿನ ಸ್ಟ್ಯಾಂಡರ್ಡ್ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಆ ಪೈಪಿಗೆ ಜೋಡಿಸುತ್ತದೆ. ಬಂದದ್ದನ್ನೆಲ್ಲ ನಿಮಗೆ ಮೇಲ್ ಮಾಡಬೇಕಲ್ಲ, ಅದಕ್ಕೆ. ಆಮೇಲೆ ಪೈಪ್ ಮುಚ್ಚುವವರೆಗೂ ಓದುತ್ತಾ ಕೂರುತ್ತದೆ. ಓದಿ ಮುಗಿದ ಮೇಲೆಯೇ ವೇಟ್ ಕರೆಯುವುದು. ಈ ಕ್ರಮವೇ ಇಲ್ಲಿ ಮುಖ್ಯ.

ನಿಮ್ಮ ಸ್ಕ್ರಿಪ್ಟ್ ಸತ್ತಿತು, ಸರಿ. ಆದರೆ ಅದು ಬಿಟ್ಟುಹೋದ ವರ್ಕರ್ ಅದೇ ಪೈಪಿನ ಬರೆಯುವ ತುದಿಯನ್ನು ಹಿಡಿದುಕೊಂಡಿದೆ. ಫೋರ್ಕ್ ಮಾಡಿದಾಗ ತೆರೆದ ಡಿಸ್ಕ್ರಿಪ್ಟರ್‌ಗಳೆಲ್ಲ (ತೆರೆದ ಫೈಲು, ಪೈಪುಗಳ ಹಿಡಿಕೆಗಳು) ಮಗುವಿಗೂ ಹೋಗುತ್ತವೆ. ಒಬ್ಬರಾದರೂ ಹಿಡಿದಿರುವವರೆಗೆ ಪೈಪ್ ಮುಚ್ಚುವುದಿಲ್ಲ. ಹಾಗಾಗಿ ಕ್ರಾಂಡ್ ಇನ್ನೂ ಓದಲು ಕಾಯುತ್ತಿದೆ, ವೇಟ್ ಕರೆದಿಲ್ಲ, ನಿಮ್ಮ ಸ್ಕ್ರಿಪ್ಟ್ ಡಿಫಂಕ್ಟ್ ಆಗಿ ನಿಂತಿದೆ. ಕ್ರಾನ್‌ನಲ್ಲಿ ಬಗ್ ಇಲ್ಲ. ಹೇಳಿದ ಕೆಲಸವನ್ನೇ ಮಾಡುತ್ತಿದೆ.

ರೂಟ್ ಇಲ್ಲದೆಯೂ ಪರೀಕ್ಷಿಸಬಹುದು. ವರ್ಕರ್ ನಿಮ್ಮದೇ ಹೆಸರಲ್ಲಿ ಓಡುತ್ತಿದೆಯಲ್ಲ, ಹೀಗೆ ಮಾಡಿ:

ಎಲ್‌ಎಸ್ -ಎಲ್ /ಪ್ರಾಕ್/20911/ಎಫ್‌ಡಿ

1 (ಔಟ್‌ಪುಟ್) ಮತ್ತು 2ರ (ಎರರ್) ಎದುರಿಗೆ ಪೈಪ್ ಅಂತ ಕಂಡರೆ ನಾನು ಹೇಳಿದ್ದು ಸರಿ. ಮುಗಿದರೂ ಪರವಾಗಿಲ್ಲ ಅನ್ನುವಂಥ ಒಂದು ವರ್ಕರ್ ಇದ್ದರೆ ಅದಕ್ಕೆ ಸಾದಾ ಕಿಲ್ ಕೊಟ್ಟು ನೋಡಿ, -9 ಬೇಡ. ವರ್ಕರ್, ಡಿಫಂಕ್ಟ್, ಕ್ರಾಂಡ್ ಮೂರೂ ಒಟ್ಟಿಗೆ ಮಾಯವಾಗಬೇಕು.

ಕ್ಯೂ_ಕಾವಲು
1 ಮತ್ತು 2 ಎರಡೂ ಒಂದೇ ಪೈಪ್, ಒಂದೇ ಸಂಖ್ಯೆ. ಖಾಲಿ ಕೂತಿದ್ದ ಒಂದು ವರ್ಕರ್‌ಗೆ ಕಿಲ್ ಕೊಟ್ಟೆ. ನೀವು ಹೇಳಿದ ಹಾಗೇ ಮೂರೂ ಹೋದವು!

ಶೆಲ್_ಶಂಕೆ
ಸರಿ, ಬಗ್ ಅಲ್ಲ. ಹಾಗಾದರೆ ಪರಿಹಾರ ಸುಲಭ. ವರ್ಕರ್ ಮುಂದೆ ನೋಹಪ್ ಹಾಕಿ, ಮುಗಿಯಿತು.

ಹಳೇ_ಟರ್ಮಿನಲ್
ಮುಗಿಯಲಿಲ್ಲ. ನೋಹಪ್ ಔಟ್‌ಪುಟ್ಟನ್ನು ಬೇರೆ ಕಡೆ ತಿರುಗಿಸುವುದು ಅದು ಟರ್ಮಿನಲ್ ಆಗಿದ್ದರೆ ಮಾತ್ರ. ಕ್ರಾನ್ ಕೆಳಗೆ ಟರ್ಮಿನಲ್ ಎಲ್ಲಿದೆ? ಅಲ್ಲಿರುವುದು ಪೈಪ್. ನೋಹಪ್ ಅದನ್ನು ಮುಟ್ಟುವುದೇ ಇಲ್ಲ. ಸಿಗ್‌ಹಪ್ (ಟರ್ಮಿನಲ್ ಮುಚ್ಚಿದಾಗ ಬರುವ ಸಿಗ್ನಲ್) ಕಡೆಗಣಿಸುತ್ತದೆ ಅಷ್ಟೆ, ಆ ಸಿಗ್ನಲ್ ಇಲ್ಲಿ ಬರುವುದೂ ಇಲ್ಲ.

ಶೆಲ್_ಶಂಕೆ
ನಮ್ಮಲ್ಲಿ ನೋಹಪ್ ಹಾಕಿ ಸರಿಯಾಗಿದೆಯಲ್ಲ?

ಹಳೇ_ಟರ್ಮಿನಲ್
ಆ ಸಾಲನ್ನು ಪೂರ್ತಿ ನೋಡಿ. ಕೊನೆಯಲ್ಲಿ >/ಡೆವ್/ನಲ್ 2>&1 ಇದ್ದೇ ಇರುತ್ತದೆ, ನೋಡಿ ಬೇಕಾದರೆ. ಕೆಲಸ ಮಾಡಿದ್ದು ಔಟ್‌ಪುಟ್ಟನ್ನು ಎಸೆಯುವ ಆ ಭಾಗ, ಹೆಸರು ಬಂದದ್ದು ನೋಹಪ್‌ಗೆ.

ಶೆಲ್_ಶಂಕೆ
...ಇದೆ.

ಸುಮ್ನೆ_ಓದುವವ
😀

ಬ್ಯಾಕಪ್_ಬೇಕಾ
ಕ್ರಾನ್‌ಟ್ಯಾಬ್‌ನಲ್ಲಿ ಮೇಲ್‌ಟು (ಮೇಲ್ ಯಾರಿಗೆ ಅನ್ನುವ ಸಾಲು) ಖಾಲಿ ಇಟ್ಟರೆ ಸಾಲದಾ? ಮೇಲೇ ಬೇಡ ಅಂದಮೇಲೆ ಓದುವುದು ಯಾಕೆ?

ಹಳೇ_ಟರ್ಮಿನಲ್
ಸಾಲದು. ಮೇಲ್‌ಟು ಖಾಲಿ ಇದ್ದರೆ ಮೇಲ್ ಹೋಗುವುದಿಲ್ಲ, ಆದರೆ ಪೈಪ್ ಓದುವುದು ನಿಲ್ಲುವುದಿಲ್ಲ. ಓದಿ ಎಸೆಯುತ್ತದೆ. ಓದದೇ ಬಿಟ್ಟರೆ ಪೈಪ್ ತುಂಬಿ ನಿಮ್ಮ ಪ್ರೋಗ್ರಾಮೇ ಬರೆಯುವಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಲಿನಕ್ಸ್‌ನಲ್ಲಿ ಪೈಪಿನ ಅಳತೆ ಸಾಮಾನ್ಯವಾಗಿ 64 ಕಿಲೋಬೈಟ್ ಅಷ್ಟೇ.

ಕ್ಯೂ_ಕಾವಲು, ನಿಮ್ಮ ಸ್ಕ್ರಿಪ್ಟಿನ ಕೊನೇ ಸಾಲು ಹೀಗಿರಲಿ:

ಪೈಥಾನ್3 ವರ್ಕರ್.ಪಿವೈ >>ವರ್ಕರ್.ಲಾಗ್ 2>&1 </ಡೆವ್/ನಲ್ &

2>&1 ಜಾಗ ಮುಖ್ಯ, ಫೈಲಿನ ನಂತರವೇ ಬರಬೇಕು. ಮೊದಲು ಬರೆದರೆ ಎರರ್ ಹಳೇ ಪೈಪಿನಲ್ಲೇ ಉಳಿಯುತ್ತದೆ, ಕತೆ ಮತ್ತೆ ಅಲ್ಲಿಗೇ.

ರೀಬೂಟ್_ಮಾಡಿ
ರೂಟ್ ಇರುವವರಿಗೆ ಇನ್ನೂ ಸುಲಭ. ದೊಡ್ಡಕ್ಷರದ ಕ್ರಾಂಡ್‌ಗಳನ್ನೇ ಕೊಲ್ಲಿ. ಡಿಫಂಕ್ಟ್‌ಗಳನ್ನು 1ನೇ ಪಿಐಡಿ ದತ್ತು ತೆಗೆದುಕೊಂಡು ತಕ್ಷಣ ತೆಗೆದುಹಾಕುತ್ತದೆ. ಪಟ್ಟಿ ಸ್ವಚ್ಛ.

ಹಳೇ_ಟರ್ಮಿನಲ್
ಪಟ್ಟಿ ಸ್ವಚ್ಛ, ಆದರೆ ವರ್ಕರ್ ಇನ್ನೂ ಓಡುತ್ತಿದೆ. ಪೈಪಿನ ಓದುವ ತುದಿ ಈಗ ಇಲ್ಲ. ಮುಂದಿನ ಸಲ ಅದು ಒಂದು ಸಾಲು ಬರೆಯಲು ಹೋದಾಗ ಸಿಗ್‌ಪೈಪ್. ಸಿ ಪ್ರೋಗ್ರಾಂ ಆದರೆ ಸದ್ದಿಲ್ಲದೆ ಸಾಯುತ್ತದೆ. ಪೈಥಾನ್ ಆದರೆ ಬ್ರೋಕನ್ ಪೈಪ್ ಎಕ್ಸೆಪ್ಷನ್, ಅದನ್ನು ಬರೆಯಲೂ ಜಾಗವಿಲ್ಲ. ಎರಡು ಗಂಟೆ ಬಿಟ್ಟು "ವರ್ಕರ್ ಯಾಕೋ ಅರ್ಧಕ್ಕೇ ನಿಂತಿದೆ" ಅಂತ ಹೊಸ ಪ್ರಶ್ನೆ ಬರುತ್ತದೆ. ಇಂಥವು ಪತ್ತೆಯಾಗುವುದು ಬಹಳ ಕಷ್ಟ.

ಟೈಮರ್_ಪಕ್ಷ
2020 ಕಳೆದು ಎಷ್ಟೋ ಕಾಲವಾಯಿತು, ಇನ್ನೂ ಕ್ರಾನ್‌ನಲ್ಲಿ & ಹಾಕುತ್ತಿದ್ದೀರಾ? ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ನಡೆಸುವ ವ್ಯವಸ್ಥೆ) ಟೈಮರ್ ಬಳಸಿ. ಪ್ರತಿ ಕೆಲಸಕ್ಕೂ ಅದರದೇ ಸಿಗ್ರೂಪ್ (ಕರ್ನಲ್ ಲೆಕ್ಕ ಇಡುವ ಪ್ರಾಸೆಸ್ ಗುಂಪು). ಮೊಮ್ಮಕ್ಕಳು ಮರಿಮಕ್ಕಳು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಸೆಟ್‌ಸಿಡ್ ಮಾಡಿ ಬೇರೆ ಸೆಷನ್‌ಗೆ ಓಡಿದರೂ ಅದೇ ಗುಂಪಿನಲ್ಲೇ ಇರುತ್ತವೆ. ಹಿಂದಿನ ಓಟ ಮುಗಿಯದಿದ್ದರೆ ಟೈಮರ್ ಎರಡನೆಯದನ್ನು ಶುರು ಮಾಡುವುದೂ ಇಲ್ಲ. ಔಟ್‌ಪುಟ್ ಜರ್ನಲ್‌ಗೆ ಹೋಗುತ್ತದೆ. ಈ ಇಡೀ ಚರ್ಚೆಯೇ ಬೇಕಿರಲಿಲ್ಲ.

ಹಳೇ_ಟರ್ಮಿನಲ್
ಒಳ್ಳೆಯ ಸಲಹೆ, ಆದರೆ ಇವರ ಸ್ಕ್ರಿಪ್ಟನ್ನು ಹಾಗೇ ಎತ್ತಿ ಟೈಮರ್‌ಗೆ ಹಾಕಿದರೆ ಏನಾಗುತ್ತದೆ ಹೇಳಿ ನೋಡೋಣ.

ಟೈಮರ್_ಪಕ್ಷ
ಸ್ಕ್ರಿಪ್ಟ್ ಮುಗಿದ ಕೂಡಲೇ ಗುಂಪಿನಲ್ಲಿ ಉಳಿದವರಿಗೆಲ್ಲ ಸಿಗ್‌ಟರ್ಮ್ (ಮುಗಿಸು ಅನ್ನುವ ಸಿಗ್ನಲ್) ಹೋಗುತ್ತದೆ. ಅದಕ್ಕೂ ಸಾಯದಿದ್ದರೆ 90 ಸೆಕೆಂಡ್ ಬಿಟ್ಟು ಸಿಗ್‌ಕಿಲ್.

ಅಂದರೆ ವರ್ಕರ್ ಕೂಡ ಸಾಯುತ್ತದೆ. ಗೊತ್ತಾಯಿತು, ನೀವು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಅಂತ. ಆದರೆ ಅದು ದೋಷವಲ್ಲ. ಹಿನ್ನೆಲೆಗೆ ಬಿಟ್ಟು ಓಡಿಹೋಗುವುದೇ ತಪ್ಪು ಅಂತ ಅದು ನಿಮಗೆ ಹೇಳುತ್ತಿದೆ. & ತೆಗೆಯಿರಿ. ವರ್ಕರ್ ಮುಗಿಯುವವರೆಗೆ ಸ್ಕ್ರಿಪ್ಟ್ ಕಾಯಲಿ. ಇಲ್ಲವಾದರೆ ವರ್ಕರನ್ನೇ ಬೇರೆ ಸರ್ವೀಸ್ ಮಾಡಿ, ರೀಸ್ಟಾರ್ಟ್ ಆಲ್ವೇಸ್ ಕೊಡಿ. ಕ್ರಾನ್ ಬರೀ ಕ್ಯೂ ತುಂಬಿಸಲಿ.

ಬ್ಯಾಕಪ್_ಬೇಕಾ
ಟೈಮರ್‌ನಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೋಗಿ. ಸರ್ವೀಸಿನ ಟೈಪ್ ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವಂಥದ್ದು) ಆಗಿದ್ದರೆ ಶುರುವಿನ ಟೈಮ್‌ಔಟ್ ಮೊದಲಿಂದಲೇ ಆಫ್ ಇರುತ್ತದೆ. ಕೆಲಸ ಸಿಕ್ಕಿಹಾಕಿಕೊಂಡರೆ ದಿನಗಟ್ಟಲೆ "ಆಕ್ಟಿವೇಟಿಂಗ್" ಅಂತಲೇ ತೋರಿಸುತ್ತಾ ಇರುತ್ತದೆ. ಟೈಮರ್ ಎರಡನೆಯದನ್ನು ಶುರು ಮಾಡುವುದಿಲ್ಲವಲ್ಲ, ಆ ಒಳ್ಳೇ ಗುಣದಿಂದಲೇ ಬ್ಯಾಕಪ್ ನಿಂತೇ ಹೋಗುತ್ತದೆ. ರನ್‌ಟೈಮ್‌ಮ್ಯಾಕ್ಸ್‌ಸೆಕ್ ಹಾಕುತ್ತೇನೆ ಅಂದರೆ ಅದು ಒನ್‌ಶಾಟ್‌ಗೆ ಅನ್ವಯಿಸುವುದೇ ಇಲ್ಲ. ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಅನ್ನೇ ಕೊಡಬೇಕು.

ಟೈಮರ್_ಪಕ್ಷ
ಒಪ್ಪಿದೆ. ಇದನ್ನು ಜನ ಮರೆಯುವುದು ಜಾಸ್ತಿ.

ಕ್ಯೂ_ಕಾವಲು
ರೂಟ್ ಇಲ್ಲ ಅಂದೆನಲ್ಲ. ಸರ್ವೀಸ್ ಹೇಗೆ ಮಾಡಲಿ?

ಟೈಮರ್_ಪಕ್ಷ
ಯೂಸರ್ ಮಟ್ಟದ ಯೂನಿಟ್ ಬರೆಯಬಹುದು, ಸಿಸ್ಟಮ್‌ಸಿಟಿಎಲ್ --ಯೂಸರ್. ಆದರೆ ನೀವು ಲಾಗ್‌ಔಟ್ ಆದಮೇಲೂ ಓಡಬೇಕಾದರೆ ನಿಮ್ಮ ಖಾತೆಗೆ ಲಿಂಗರ್ ಆನ್ ಇರಬೇಕು. ಅಡ್ಮಿನ್‌ಗೆ ಒಂದು ಸಾಲಿನ ಕೆಲಸ, ಕೇಳಿ ನೋಡಿ.

ರಾತ್ರಿಪಾಳಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದೂ ಉಳಿದುಕೊಳ್ಳುವ ಪ್ರಾಸೆಸ್‌ಗಳ ಗೋಳೇ, ಆದರೆ ಡಿಫಂಕ್ಟ್ ಅಲ್ಲ. 5 ನಿಮಿಷಕ್ಕೊಮ್ಮೆ ಡಿಸ್ಕ್ ನೋಡುವ ಸ್ಕ್ರಿಪ್ಟ್, ಒಳಗಡೆ ಡಿಎಫ್ (ಡಿಸ್ಕ್ ಜಾಗ ತೋರಿಸುವ ಕಮಾಂಡ್). ಈಗ ನೂರಾರು ಡಿಎಫ್ ನಿಂತಿವೆ. ಸ್ಟ್ಯಾಟ್‌ನಲ್ಲಿ ಡಿ. ಕಿಲ್ -9 ಇದಕ್ಕೂ ಆಗುತ್ತಿಲ್ಲ. ಲೋಡ್ ಆವರೇಜ್ ಆಕಾಶಕ್ಕೆ ಹೋಗಿದೆ, ಸಿಪಿಯು ಮಾತ್ರ ಖಾಲಿ ಕೂತಿದೆ. ಇಲ್ಲೂ ಪೈಪಾ?

ಹಳೇ_ಟರ್ಮಿನಲ್
ಅಲ್ಲ, ಇದು ಬೇರೆಯೇ ಕಾಯಿಲೆ. ಝಡ್ ಅಂದರೆ ಸತ್ತದ್ದು, ಡಿ ಅಂದರೆ ಕರ್ನಲ್ ಒಳಗೆ ಎಬ್ಬಿಸಲಾಗದ ನಿದ್ದೆ. ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಜೋಡಿಸಿದ ಬೇರೆ ಸರ್ವರಿನ ಡಿಸ್ಕ್) ಏನಾದರೂ ಇದೆಯಾ?

ರಾತ್ರಿಪಾಳಿ
ಇದೆ. ಆ ಕಡೆಯ ಸರ್ವರನ್ನು ಹೋದ ವಾರ ತೆಗೆದುಹಾಕಿದ್ದಾರೆ.

ರೀಬೂಟ್_ಮಾಡಿ
ಉತ್ತರ ಪ್ರಶ್ನೆಯಲ್ಲೇ ಇದೆ!

ಹಳೇ_ಟರ್ಮಿನಲ್
ಹಾರ್ಡ್ ಮೌಂಟ್ ಆಗಿದ್ದರೆ ಆ ಸರ್ವರ್ ಮರಳಿ ಬರುವವರೆಗೂ ಕಾಯುತ್ತದೆ. ಅದರ ಗುಣವೇ ಅದು. ಲಿನಕ್ಸ್‌ನಲ್ಲಿ ಡಿ ಸ್ಥಿತಿಯವರನ್ನೂ ಲೋಡ್ ಆವರೇಜ್‌ಗೆ ಸೇರಿಸುತ್ತಾರೆ, ಅದಕ್ಕೇ ಸಿಪಿಯು ಖಾಲಿ ಇದ್ದರೂ ಸಂಖ್ಯೆ ಏರಿದೆ. 2.6.25 ಕರ್ನಲ್‌ನಿಂದ ಈಚೆಗೆ ಎನ್‌ಎಫ್‌ಎಸ್ ಕಾಯುವಿಕೆಗಳಲ್ಲಿ ಬಹಳಷ್ಟು ಸಿಗ್‌ಕಿಲ್‌ಗೆ ಬಗ್ಗುತ್ತವೆ, ಎಲ್ಲವೂ ಅಲ್ಲ. ಎಲ್ಲಿ ಕೂತಿದೆ ಅಂತ ನೋಡಲು /ಪ್ರಾಕ್ ಕೆಳಗೆ ಆ ಪಿಐಡಿಯ ಸ್ಟ್ಯಾಕ್ ಫೈಲ್ ಓದಿ, ರೂಟ್ ಬೇಕು. ಮೊದಲು ಯುಮೌಂಟ್ -ಎಫ್ ಕೊಡಿ. ಆಗದಿದ್ದರೆ -ಎಲ್. -ಎಲ್ ಹೊಸಬರು ಸಿಕ್ಕಿಕೊಳ್ಳದಂತೆ ತಡೆಯುತ್ತದೆ, ಆಗಲೇ ಸಿಕ್ಕಿಕೊಂಡವರನ್ನು ಬಿಡಿಸುತ್ತದೆ ಅನ್ನುವ ಖಾತರಿ ಇಲ್ಲ.

ಸ್ಕ್ರಿಪ್ಟಿನಲ್ಲಿ ಡಿಎಫ್ -ಎಲ್ ಬಳಸಿ, ಸ್ಥಳೀಯ ಡಿಸ್ಕ್ ಮಾತ್ರ ನೋಡುತ್ತದೆ. ಯಾರಾದರೂ "ಸಾಫ್ಟ್ ಮೌಂಟ್ ಮಾಡಿ" ಅಂದರೆ ಬರೆಯುವ ಡೇಟಾ ಇರುವ ಕಡೆ ಕೇಳಬೇಡಿ. ಬರೆದದ್ದು ಅರ್ಧಕ್ಕೇ ಎರರ್ ಆಗುತ್ತದೆ, ಅದನ್ನು ಗಮನಿಸದ ಪ್ರೋಗ್ರಾಂಗಳೇ ಹೆಚ್ಚು. ಡೇಟಾ ಕೆಡುತ್ತದೆ.

ರಾತ್ರಿಪಾಳಿ
-ಎಫ್ ಕೊಟ್ಟ ಮೇಲೆ ಮುಕ್ಕಾಲು ಪಾಲು ಹೋದವು. ಉಳಿದವಕ್ಕೆ ರಾತ್ರಿ ರೀಬೂಟ್.

ರೀಬೂಟ್_ಮಾಡಿ
🙏

ಡಬ್ಬದೊಳಗೆ
ಕಂಟೇನರ್‌ನಲ್ಲಿ ಕ್ರಾನ್ ಓಡಿಸುವವರಿಗೆ ಒಂದು ಮಾತು. "1ನೇ ಪಿಐಡಿ ದತ್ತು ತೆಗೆದುಕೊಂಡು ಸ್ವಚ್ಛ ಮಾಡುತ್ತದೆ" ಅಂತ ಮೇಲೆ ಬರೆದಿದ್ದಾರೆ. ಅದು ನಿಜವಾದ ಇನಿಟ್ (ಮೊದಲು ಶುರುವಾಗಿ ಅನಾಥರನ್ನು ಎತ್ತಿಕೊಳ್ಳುವ ಪ್ರಾಸೆಸ್) ಇದ್ದಾಗ. ಕಂಟೇನರ್ ಒಳಗೆ 1ನೇ ಪಿಐಡಿ ನಿಮ್ಮ ನೋಡ್ ಆಪೋ ಜಾವಾನೋ ಆಗಿರುತ್ತದೆ. ಅನಾಥ ಮಕ್ಕಳೆಲ್ಲ ಅದರ ಮಡಿಲಿಗೆ ಬೀಳುತ್ತಾರೆ, ಅದಕ್ಕೆ ವೇಟ್ ಕರೆಯಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಹೆಡ್‌ಲೆಸ್ ಕ್ರೋಮ್ ಓಡಿಸುವ ಕೆಲಸಗಳಲ್ಲಿ ಇದನ್ನು ತುಂಬಾ ನೋಡಬಹುದು. ಡಾಕರ್ ರನ್ ಜೊತೆ --ಇನಿಟ್ ಕೊಡಿ, ಟಿನಿ ಅನ್ನುವ ಪುಟ್ಟ ಇನಿಟ್ ಮುಂದೆ ಕೂತು ಎತ್ತಿಕೊಳ್ಳುತ್ತದೆ.

ಸುಮ್ನೆ_ಓದುವವ
ಝಾಂಬಿ ಮೆಮೊರಿ ತಿನ್ನಲ್ಲ ಅಂದಮೇಲೆ ಇದ್ದರೆ ಇರಲಿ ಬಿಡಿ, ಏನು ನಷ್ಟ?

ಡಬ್ಬದೊಳಗೆ
ಪಿಐಡಿ ತಿನ್ನುತ್ತದೆ. ಲಿನಕ್ಸ್‌ನಲ್ಲಿ ಬಹಳ ಕಾಲ 32768 ಅನ್ನುವುದೇ ಮೇಲಿನ ಮಿತಿ. 64 ಬಿಟ್ ಯಂತ್ರದಲ್ಲಿ 4194304ರವರೆಗೆ ಏರಿಸಬಹುದು, ಹೊಸ ಸಿಸ್ಟಮ್‌ಡಿ ತಾನೇ ಏರಿಸುತ್ತದೆ. ಆದರೆ ಕಂಟೇನರ್‌ಗೆ ಪಿಐಡಿ ಮಿತಿಯನ್ನು ಬೇರೆಯಾಗಿ ಹಾಕಿರುತ್ತಾರೆ, ಕೆಲವು ಕಡೆ ತುಂಬಾ ಚಿಕ್ಕದು. ಅದು ತುಂಬಿದರೆ ಹೊಸ ಫೋರ್ಕ್ ಆಗುವುದಿಲ್ಲ. ಒಳಗೆ ಹೋಗಿ ಪಿಎಸ್ ಹಾಕಲೂ ಆಗುವುದಿಲ್ಲ, ಅದಕ್ಕೂ ಫೋರ್ಕ್ ಬೇಕಲ್ಲ.

ಬ್ಯಾಕಪ್_ಬೇಕಾ
ಇನ್ನೊಂದು ಸಾಮಾನ್ಯ ಕೇಸ್. ಪಿಎಸ್‌ನಲ್ಲಿ ಎಸ್‌ಎಸ್‌ಎಚ್ ಏಜೆಂಟ್ (ಲಾಗಿನ್ ಕೀಲಿಗಳನ್ನು ಇಟ್ಟುಕೊಳ್ಳುವ ಪ್ರಾಸೆಸ್) ಸಾಲು ಸಾಲು ಕಂಡರೆ ಸ್ಕ್ರಿಪ್ಟಿನೊಳಗೆ ಯಾರೋ ಇವ್ಯಾಲ್ ಮಾಡಿ ಏಜೆಂಟ್ ಶುರು ಮಾಡಿದ್ದಾರೆ ಅಂತ ಅರ್ಥ. ಸ್ಕ್ರಿಪ್ಟ್ ಮುಗಿದರೂ ಏಜೆಂಟ್ ಮುಗಿಯುವುದಿಲ್ಲ, ಪ್ರತಿ ಓಟಕ್ಕೂ ಒಂದು ಹೊಸದು. ಇದು ತನ್ನ ಔಟ್‌ಪುಟ್ಟನ್ನು ತಾನೇ ಮುಚ್ಚಿಕೊಳ್ಳುವುದರಿಂದ ಕ್ರಾಂಡ್ ಸಿಕ್ಕಿಕೊಳ್ಳುವುದಿಲ್ಲ, ಹಾಗಾಗಿ ಬೇಗ ಕಣ್ಣಿಗೂ ಬೀಳುವುದಿಲ್ಲ. ಪರಿಹಾರ: "ಎಸ್‌ಎಸ್‌ಎಚ್-ಏಜೆಂಟ್ ಸ್ಕ್ರಿಪ್ಟ್‌ಹೆಸರು" ಅಂತ ಓಡಿಸಿ. ಸ್ಕ್ರಿಪ್ಟ್ ಮುಗಿದಾಗ ಏಜೆಂಟೂ ಮುಗಿಯುತ್ತದೆ.

ಹಾಗೇ, ಕ್ರಾನ್ ಒಳಗಿನ ಎಸ್‌ಎಸ್‌ಎಚ್‌ಗೆ ಬ್ಯಾಚ್‌ಮೋಡ್ ಯೆಸ್ ಮತ್ತು ಸರ್ವರ್‌ಅಲೈವ್‌ಇಂಟರ್ವಲ್ ಕೊಡಿ. ಕರ್ಲ್‌ಗೆ --ಮ್ಯಾಕ್ಸ್-ಟೈಮ್, ಆರ್‌ಸಿಂಕ್‌ಗೆ --ಟೈಮ್‌ಔಟ್. ಇವುಗಳಿಗೆ ತಾವಾಗಿ ಒಟ್ಟು ಸಮಯದ ಮಿತಿ ಇಲ್ಲ. ಆ ಕಡೆಯವರು ಸದ್ದಿಲ್ಲದೆ ಮಾಯವಾದರೆ ಈ ಕಡೆಯವರು ಕಾಯುತ್ತಲೇ ಇರುತ್ತಾರೆ.

ಕ್ಯೂ_ಕಾವಲು
ಅಪ್‌ಡೇಟ್. ಹಳೇ_ಟರ್ಮಿನಲ್ ಕೊಟ್ಟ ಸಾಲು ಹಾಕಿದೆ, ಡಿಫಂಕ್ಟ್ ಒಂದೂ ಇಲ್ಲ. ಆದರೆ ವರ್ಕರ್.ಲಾಗ್ ಖಾಲಿ! ಕೆಲಸ ನಡೆಯುತ್ತಿದೆ, ಕ್ಯೂ ಇಳಿಯುತ್ತಿದೆ, ಲಾಗ್‌ನಲ್ಲಿ ಮಾತ್ರ ಏನೂ ಇಲ್ಲ.

ಶೆಲ್_ಶಂಕೆ
ಇದು ನನಗೆ ಗೊತ್ತು. ಔಟ್‌ಪುಟ್ ಟರ್ಮಿನಲ್ ಅಲ್ಲದಿದ್ದರೆ ಪೈಥಾನ್ ಬಫರ್‌ನಲ್ಲಿ ಕೂಡಿಡುತ್ತದೆ, ತುಂಬಿದಾಗ ಬರೆಯುತ್ತದೆ. ಪೈಥಾನ್3 -ಯು ಅಂತ ಓಡಿಸಿ.

ಹಳೇ_ಟರ್ಮಿನಲ್
ಸರಿಯಾದ ಉತ್ತರ.

ಶೆಲ್_ಶಂಕೆ
ಇದನ್ನು ಫ್ರೇಮ್ ಹಾಕಿಸುತ್ತೇನೆ.

ಕ್ಯೂ_ಕಾವಲು
-ಯು ಹಾಕಿದೆ, ಲಾಗ್ ಬರುತ್ತಿದೆ. ಒಂದರ ಮೇಲೊಂದು ಓಡದಿರಲಿ ಅಂತ ಕ್ರಾನ್‌ಟ್ಯಾಬ್ ಸಾಲಿಗೆ ಫ್ಲಾಕ್ -ಎನ್ (ಲಾಕ್ ಫೈಲಿನ ಬೀಗ ಹಿಡಿದು ಓಡಿಸುವ ಕಮಾಂಡ್, ಬೀಗ ಸಿಗದಿದ್ದರೆ ಕಾಯದೆ ಬಿಡುತ್ತದೆ) ಕೂಡ ಸೇರಿಸಿದೆ. ಈಗ ಹೊಸ ತಮಾಷೆ. ಮೊದಲ ಓಟ ಆಗುತ್ತದೆ. ಮುಂದಿನ ಗಂಟೆಯದು ಆಗುವುದಿಲ್ಲ, ಅದರ ಮುಂದಿನದೂ ಆಗುವುದಿಲ್ಲ. ಸ್ಕ್ರಿಪ್ಟ್ ಎಂದೋ ಮುಗಿದಿದೆ, ಆದರೂ ಬೀಗ ಬಿಡುಗಡೆ ಆಗಿಲ್ಲ ಅನ್ನುತ್ತಿದೆ. ಲಾಕ್ ಫೈಲನ್ನು ಅಳಿಸಿಬಿಡಲಾ?

ಹಳೇ_ಟರ್ಮಿನಲ್
ಅಳಿಸಬೇಡಿ! ಬೀಗ ಇರುವುದು ಫೈಲಿನ ಹೆಸರಿಗಲ್ಲ, ತೆರೆದ ಡಿಸ್ಕ್ರಿಪ್ಟರ್‌ಗೆ. ಹೆಸರು ಅಳಿಸಿದರೆ ಮುಂದಿನವನು ಅದೇ ಹೆಸರಲ್ಲಿ ಬೇರೆ ಫೈಲ್ ಮಾಡಿ ಬೇರೆ ಬೀಗ ಹಿಡಿಯುತ್ತಾನೆ. ಇಬ್ಬರೂ ತಾನೊಬ್ಬನೇ ಅಂದುಕೊಂಡು ಓಡುತ್ತಾರೆ.

ಕಾರಣ ಮತ್ತೆ ಅದೇ, ಪೈಪಿನ ಬದಲು ಈ ಸಲ ಬೀಗ. ಫ್ಲಾಕ್ ತೆರೆದ ಡಿಸ್ಕ್ರಿಪ್ಟರ್ ಸ್ಕ್ರಿಪ್ಟಿಗೆ ಹೋಯಿತು, ಸ್ಕ್ರಿಪ್ಟಿನಿಂದ ವರ್ಕರ್‌ಗೆ ಹೋಯಿತು. ವರ್ಕರ್ ಬದುಕಿರುವವರೆಗೆ ಬೀಗವೂ ಇರುತ್ತದೆ. ಫ್ಲಾಕ್ -ಒ -ಎನ್ ಅಂತ ಕೊಡಿ. -ಒ ಇದ್ದರೆ ಕಮಾಂಡ್ ಓಡಿಸುವ ಮೊದಲು ಆ ಡಿಸ್ಕ್ರಿಪ್ಟರನ್ನು ಮಗುವಿನಲ್ಲಿ ಮುಚ್ಚುತ್ತದೆ, ಬೀಗ ಫ್ಲಾಕ್ ಹತ್ತಿರ ಮಾತ್ರ ಉಳಿಯುತ್ತದೆ.

ಟೈಮರ್_ಪಕ್ಷ
ಆದರೆ -ಒ ಹಾಕಿದರೆ ಪ್ರತಿ ಗಂಟೆಗೂ ಒಂದು ಹೊಸ ವರ್ಕರ್ ಶುರುವಾಗುತ್ತದೆ, ಹಳೆಯದು ಇನ್ನೂ ಓಡುತ್ತಿದ್ದರೂ. ಐದು ವರ್ಕರ್ ಒಂದೇ ಕ್ಯೂ ಮೇಲೆ ಬೀಳುವುದು ಬೇಕಾ? ಮೊದಲ ಪಟ್ಟಿಯಲ್ಲೂ ಐದು ಇದ್ದವು, ಯಾರೂ ಕೇಳಲಿಲ್ಲ.

ಹಳೇ_ಟರ್ಮಿನಲ್
ಈ ಸಲ ನೀವು ಹೇಳಿದ್ದು ಪೂರ್ತಿ ಸರಿ. ವರ್ಕರ್‌ಗೂ ಅದರದೇ ಬೇರೆ ಬೀಗ ಬೇಕು. ಎರಡು ಲಾಕ್ ಫೈಲ್. ಕ್ಯೂ ತುಂಬಿಸುವವನಿಗೆ ಒಂದು, ಖಾಲಿ ಮಾಡುವವನಿಗೆ ಒಂದು.

ಕ್ಯೂ_ಕಾವಲು
ಐದು ಓಡುತ್ತಿದ್ದದ್ದು ಉದ್ದೇಶವಲ್ಲ, ಒಂದೇ ಸಾಕು. ಹಾಗಾದರೆ ಸ್ಕ್ರಿಪ್ಟಿನಿಂದ ವರ್ಕರ್ ಸಾಲನ್ನೇ ತೆಗೆದು ಕ್ರಾನ್‌ಟ್ಯಾಬ್‌ನಲ್ಲಿ ಎರಡು ಪ್ರತ್ಯೇಕ ಸಾಲು ಮಾಡುತ್ತೇನೆ. & ಎಲ್ಲೂ ಇಲ್ಲ. ವರ್ಕರ್ ಸಾಲು ಹೀಗೆ:

ಫ್ಲಾಕ್ -ಎನ್ ವರ್ಕರ್.ಲಾಕ್ ಟೈಮ್‌ಔಟ್ -ಕೆ 30 6ಎಚ್ ಪೈಥಾನ್3 -ಯು ವರ್ಕರ್.ಪಿವೈ >>ವರ್ಕರ್.ಲಾಗ್ 2>&1

& ಇಲ್ಲದ ಕಾರಣ -ಒ ಬೇಡ ತಾನೇ?

ಹಳೇ_ಟರ್ಮಿನಲ್
ಬೇಡ. ಈಗ ಬೀಗ ವರ್ಕರ್ ಹತ್ತಿರ ಇರುವುದೇ ಒಳ್ಳೆಯದು. ಯಾರಾದರೂ ಫ್ಲಾಕ್ ಪ್ರಾಸೆಸನ್ನು ಕೊಂದರೂ ವರ್ಕರ್ ಇರುವವರೆಗೆ ಬೀಗ ಉಳಿಯುತ್ತದೆ. ಟೈಮ್‌ಔಟ್ ಸಮಯ ಮೀರಿ ನಿಲ್ಲಿಸಿದರೆ ಎಕ್ಸಿಟ್ ಕೋಡ್ 124, -ಕೆಯ ಸಿಗ್‌ಕಿಲ್‌ವರೆಗೂ ಹೋದರೆ 137. ಲಾಗ್ ನೋಡುವವರಿಗೆ ಇದು ಗೊತ್ತಿರಲಿ. ಫ್ಲಾಕ್ -ಎನ್‌ಗೆ ಬೀಗ ಸಿಗದಿದ್ದರೆ 1 ಬರುತ್ತದೆ, ಅದನ್ನು ವೈಫಲ್ಯ ಅಂತ ಎಣಿಸಿ ಅಲಾರಂ ಹೊಡೆಸಬೇಡಿ. ವರ್ಕರ್ ಕೂಡ 1 ಕೊಡಬಹುದಲ್ಲ, ಬೇರೆ ಗುರುತು ಬೇಕಾದರೆ -ಇ ಜೊತೆ ನಿಮಗೆ ಬೇಕಾದ ಸಂಖ್ಯೆ ಕೊಡಿ.

ಡೀಮನ್_ಬಿಎಸ್‌ಡಿ
ತಡವಾಗಿ ಬಂದೆ. ನೀವೆಲ್ಲ ಲಿನಕ್ಸ್ ಅಂದುಕೊಂಡೇ ಮಾತಾಡುತ್ತಿದ್ದೀರಿ. ಫ್ರೀಬಿಎಸ್‌ಡಿಯಲ್ಲಿ ಈ ಕೆಲಸಕ್ಕೆ ಲಾಕ್‌ಎಫ್ ಇದೆ, "ಲಾಕ್‌ಎಫ್ -ಟಿ 0 ಫೈಲ್ ಕಮಾಂಡ್". ಇನ್ನೂ ಚೆಂದದ್ದು ಅಲ್ಲಿನ ಕ್ರಾನ್‌ಟ್ಯಾಬ್‌ನಲ್ಲಿ @ ನಂತರ ಸಂಖ್ಯೆ ಬರೆಯುವುದು. @600 ಅಂದರೆ ಹಿಂದಿನ ಓಟ ಮುಗಿದು 600 ಸೆಕೆಂಡ್ ಆದಮೇಲೆ ಮುಂದಿನದು. ಒಂದರ ಮೇಲೊಂದು ಬೀಳುವ ಪ್ರಶ್ನೆಯೇ ಇಲ್ಲ. ಓಪನ್‌ಬಿಎಸ್‌ಡಿಯಲ್ಲಿ ಕಮಾಂಡ್ ಮುಂದೆ -ಎಸ್ ಹಾಕಿದರೆ ಒಂದೇ ಪ್ರತಿ ಓಡುತ್ತದೆ. ಬೀಗದ ತಲೆನೋವನ್ನು ಕ್ರಾನ್ ಒಳಗೇ ಮುಗಿಸಿದ್ದಾರೆ.

ಡಬ್ಬದೊಳಗೆ
ಬಿಝಿಬಾಕ್ಸ್‌ನ ಪುಟ್ಟ ಕ್ರಾಂಡ್ ಕೂಡ ಹಿಂದಿನದು ಓಡುತ್ತಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಆಲ್ಪೈನ್ ಇಮೇಜ್ ಬಳಸುವವರಿಗೆ ಪುಕ್ಕಟೆ.

ಟೈಮರ್_ಪಕ್ಷ
ಮ್ಯಾಕ್‌ನ ಲಾಂಚ್‌ಡಿ ಕೂಡ ಹಾಗೇ. ಕೆಲಸ ಮುಗಿದಮೇಲೆ ಅದೇ ಪ್ರಾಸೆಸ್ ಗುಂಪಿನಲ್ಲಿ ಉಳಿದವರನ್ನೂ ಗುಡಿಸುತ್ತದೆ. ಬೇಡ ಅಂದರೆ ಅಬ್ಯಾಂಡನ್‌ಪ್ರಾಸೆಸ್‌ಗ್ರೂಪ್ ಅಂತ ಬರೆಯಬೇಕು. ಅಂದರೆ ಎಲ್ಲರೂ ಕೊನೆಗೆ ನಮ್ಮ ದಾರಿಗೇ ಬಂದಿದ್ದಾರೆ.

ಡೀಮನ್_ಬಿಎಸ್‌ಡಿ
ನಿಮ್ಮ ದಾರಿ ಅಂತೆ! ಲಾಂಚ್‌ಡಿ ಬಂದದ್ದು 2005ರಲ್ಲಿ, ಸಿಸ್ಟಮ್‌ಡಿ 2010ರಲ್ಲಿ. ಯಾರು ಯಾರ ದಾರಿಗೆ ಬಂದರು ಲೆಕ್ಕ ಹಾಕಿ.

ಸುಮ್ನೆ_ಓದುವವ
ಶುರುವಾಯಿತು...

ರಾತ್ರಿಪಾಳಿ
ನಮ್ಮಲ್ಲಿ ಒಂದು ಹಳೇ ಸೋಲಾರಿಸ್ 10 ಇದೆ. ಫ್ಲಾಕ್ ಇಲ್ಲ, ಲಾಕ್‌ಎಫ್ ಇಲ್ಲ, ಟೈಮ್‌ಔಟ್ ಇಲ್ಲ. ನಗಬೇಡಿ. ಅಲ್ಲಿ ಏನು ಮಾಡುವುದು?

ಬ್ಯಾಕಪ್_ಬೇಕಾ
ಪಿಐಡಿ ಫೈಲ್ ಬರೆಯಿರಿ. ಶುರುವಿನಲ್ಲಿ ಕಿಲ್ -0 ಮಾಡಿ ಬದುಕಿದೆಯಾ ನೋಡಿ.

ಹಳೇ_ಟರ್ಮಿನಲ್
ಪಿಐಡಿ ಮರುಬಳಕೆ ಆಗುತ್ತದೆ. ಹಳೇ ಸಂಖ್ಯೆ ಬೇರೆ ಯಾರಿಗೋ ಹೋಗಿದ್ದರೆ ಕಿಲ್ -0 "ಇದೆ" ಅನ್ನುತ್ತದೆ, ನಿಮ್ಮ ಕೆಲಸ ಶುರುವಾಗುವುದೇ ಇಲ್ಲ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಬ್ಬ ನುಗ್ಗಬಹುದು ಬೇರೆ.

ಎಂಕೆಡಿರ್ ಬಳಸಿ. ಡೈರೆಕ್ಟರಿ ಆಗಲೇ ಇದ್ದರೆ ಸೋಲುತ್ತದೆ, ಇಲ್ಲದಿದ್ದರೆ ಮಾಡುತ್ತದೆ, ಎರಡೂ ಒಂದೇ ಏಟಿಗೆ. ಮುಗಿದಾಗ ಟ್ರ್ಯಾಪ್‌ನಲ್ಲಿ (ಮುಗಿಯುವಾಗ ಶೆಲ್ ತಾನೇ ಓಡಿಸುವ ಸಾಲು) ಆರ್‌ಎಂಡಿರ್ ಕೊಟ್ಟು ಅದನ್ನು ತೆಗೆಯಿರಿ. ಸಿಗ್‌ಕಿಲ್ ಬಿದ್ದರೆ ಟ್ರ್ಯಾಪ್ ಓಡುವುದಿಲ್ಲ, ಡೈರೆಕ್ಟರಿ ಉಳಿದುಬಿಡುತ್ತದೆ, ಆಗ ಕೈಯಲ್ಲೇ ತೆಗೆಯಬೇಕು. ಸೋಲಾರಿಸ್‌ನಲ್ಲಿ /ಟಿಎಂಪಿ ಮೆಮೊರಿಯಲ್ಲೇ ಇರುವುದರಿಂದ ರೀಬೂಟ್ ಆದರೆ ತಾನೇ ಹೋಗುತ್ತದೆ. ಟ್ರ್ಯಾಪ್‌ನಲ್ಲಿ ಎಕ್ಸಿಟ್ ಒಂದನ್ನೇ ನಂಬಬೇಡಿ, ಟರ್ಮ್ ಮತ್ತು ಇಂಟ್ ಕೂಡ ಬರೆಯಿರಿ. ಬ್ಯಾಶ್ ಸಿಗ್ನಲ್‌ನಿಂದ ಸಾಯುವಾಗಲೂ ಎಕ್ಸಿಟ್ ಟ್ರ್ಯಾಪ್ ಓಡಿಸುತ್ತದೆ, ಡ್ಯಾಶ್‌ನಂಥ ಶೆಲ್‌ಗಳು ಓಡಿಸುವುದಿಲ್ಲ.

ಡಿಫಂಕ್ಟ್ ಉಳಿದರೆ ಅಲ್ಲಿ ಪ್ರೀಪ್ ಅಂತ ಒಂದು ಕಮಾಂಡೇ ಇದೆ. ತಂದೆಯ ಕೈಯಿಂದ ಬಲವಂತವಾಗಿ ವೇಟ್ ಮಾಡಿಸುತ್ತದೆ. ಆ ತಂದೆ ನಿಜವಾಗಿಯೂ ಎಕ್ಸಿಟ್ ಕೋಡ್‌ಗಾಗಿ ಕಾಯುತ್ತಿದ್ದರೆ ಅದಕ್ಕೆ ಗೊಂದಲವಾಗುತ್ತದೆ. ಮೊದಲು ಪಿಫೈಲ್ಸ್ ಹಾಕಿ ಪೈಪ್ ಯಾರ ಕೈಯಲ್ಲಿದೆ ನೋಡಿ.

ರಾತ್ರಿಪಾಳಿ
ಎಂಕೆಡಿರ್ ಹಾಕಿದೆ, ಓಡುತ್ತಿದೆ. ಪ್ರೀಪ್ ಮುಟ್ಟುವುದಿಲ್ಲ.

ರೀಬೂಟ್_ಮಾಡಿ
ಆ ಸೋಲಾರಿಸ್ ಕೊನೇ ಸಲ ರೀಬೂಟ್ ಆದದ್ದು ಯಾವಾಗ?

ರಾತ್ರಿಪಾಳಿ
ಅದನ್ನು ಮಾತ್ರ ಕೇಳಬೇಡಿ.